ಹಂಪವ್ವನ ಖಾಕಿ ಚೀಲ

“ಹುರುಳಿ ಎಷ್ಟು ಸೇರು ಐತೆ?” ತೋಟಪ್ಪ ಹಂಪವ್ವನ ಚೀಲದೊಳಗೆ ಇಣುಕಿ ಕೇಳಿದ. ಐದನೇ ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

ಆ ಖಾಕಿ ಹೆಗಲುಚೀಲ ಅವಳಪ್ಪ ಉಚ್ಚಂಗೆಪ್ಪ ಮಿಲಿಟರಿಯಿಂದ ತಂದದ್ದು. ಹರಿಹರ ಸ್ಟೇಷನ್ನಿನ ಜಟಕಾ ಕುದುರೆಗಳ ಕೊರಳಿಗೆ ಕಟ್ಟುವ ಹುರುಳಿ ಚೀಲವೂ ಥೇಟ್ ಹಾಗೆಯೇ ಇತ್ತು. ತೋಟಪ್ಪನಿಗೆ ಅಷ್ಟೇ ಸಾಕಾಯಿತು.

ಹಂಪವ್ವ ಗುತ್ತೂರಿನ ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಒಗೆದಳು. “ನಾಳೆಯಿಂದ ಇದನ್ನ ಹಾಕ್ಕೊಂಡು ನಾನು ಸಾಲಿಗೆ ಹೋಗಲ್ಲ. ಕುದುರೆ ಚೀಲ ಅಂತಾರೆ.”

ಕಾರ್ಖಾನೆಯಿಂದ ಆಗಷ್ಟೇ ಬಂದಿದ್ದ ಉಚ್ಚಂಗೆಪ್ಪ ಚೀಲ ಎತ್ತಿ ಧೂಳು ಕೊಡವಿದ. “ಖರೇನೇ ಅಂದಾರೆ ಬಿಡವ್ವ. ಇದು ಮೊದಲು ಕುದುರೆದೇ.”

ಸಮಾಧಾನ ಮಾಡುತ್ತಾನೆ ಅಂದುಕೊಂಡರೆ ಅಪ್ಪನೂ ತೋಟಪ್ಪನ ಪಾರ್ಟಿ ಸೇರಿದ್ದ. ಹಂಪವ್ವನಿಗೆ ಅಳುವೇ ಬಂತು.

“ಹಿಂದಿನ ಕಾಲಕ್ಕೆ ಯುರೋಪಿನ ಕಡೆ ಕುದುರೆ ಸವಾರ್ರು ಇಂಥಾ ಚೀಲದಾಗೆ ಕುದುರೆಗೆ ಕಾಳು ಒಯ್ತಿದ್ರಂತೆ. ಆಮೇಲೆ ನಡಿಯೋ ಸಿಪಾಯಿಗಳು ಇದ್ರಾಗೆ ರೊಟ್ಟಿ ಹಾಕ್ಕೊಂಡ್ರು. ನಮ್ಮ ಸುಬೇದಾರ್ರು ಹೇಳಿದ್ದು. ಯುದ್ಧದಾಗೆ, ಬರ್ಮಾದ ಕಾಡಿನಾಗೆ, ನನ್ನ ಊಟನೂ ಇದ್ರಾಗೇ.”

“ಅಲ್ಲಿ ಕುದುರೆ ಇದ್ವಾ?”

“ಹೇಸರಗತ್ತೆ ಇದ್ವು. ಮದ್ದುಗುಂಡು ಹೊರೋವು. ಒಂದಿನ ನನ್ನ ಹೇಸರಗತ್ತೆ ಹಸಿದು ಗುಡ್ಡದ ದಾರ್ಯಾಗೆ ಕೂತುಬಿಡ್ತು. ಚೀಲದಾಗಿದ್ದ ಬಿಸ್ಕೀಟೆಲ್ಲ ಅದಕ್ಕೇ ತಿನ್ನಿಸಿದೆ. ಎದ್ದು ನಡೀತು.”

“ಮತ್ತೆ ನೀನೇನು ತಿಂದೆ?”

ಉಚ್ಚಂಗೆಪ್ಪ ಚೀಲದ ಹಿತ್ತಾಳೆ ಬಕಲನ್ನು ಪಂಚೆಯ ತುದಿಯಿಂದ ತಿಕ್ಕಿದ. “ಎರಡು ದಿನ ಬರೀ ನೀರು ಕುಡಿದೆ. ನಿಮ್ಮವ್ವಗೂ ಹೇಳಿಲ್ಲ. ಇರ್ಲಿ, ಭಾನುವಾರ ದಾವಣಗೆರೆಗೆ ಹೋಗಿ ಹೊಸ ಚೀಲ ತರಾಣ.”

“ಬ್ಯಾಡ,” ಅಂದಳು ಹಂಪವ್ವ.

ಮರುದಿನ ಶಾಲೆಯ ಗೇಟಿನಲ್ಲೇ ತೋಟಪ್ಪ ಕಾಯುತ್ತಿದ್ದ. “ಬಂತು ನೋಡ್ರೋ ಕುದುರೆ ಚೀಲ.”

“ಹೌದು, ಕುದುರೆದೇ,” ಎಂದು ಹಂಪವ್ವ ಕಟ್ಟೆಯ ಮೇಲೆ ಕೂತಳು. “ಆಮೇಲೆ ಸಿಪಾಯಿಗಳದ್ದಾತು. ಹೆಂಗೆ ಅಂತ ಗೊತ್ತಾಗ್ಬೇಕಂದ್ರೆ ಕೂಡು.”

ತೋಟಪ್ಪ ಕೂತ. ನೋಡನೋಡುತ್ತ ಹತ್ತು ಹುಡುಗರು ಸೇರಿದರು. ಕುದುರೆ ಸವಾರರು, ಬರ್ಮಾದ ಕಾಡು, ಹಟ ಹಿಡಿದು ಕೂತ ಹೇಸರಗತ್ತೆ, ಎಲ್ಲವನ್ನೂ ಹಂಪವ್ವ ಕೈ ತಿರುಗಿಸಿ ಹೇಳಿದಳು. ಅವಳಿಗೆ ಒಂಚೂರೂ ನಾಚಿಕೆಯಾಗಲಿಲ್ಲ.

“ಮುಂದೆ?” ಅಂದ ತೋಟಪ್ಪ.

ಹಂಪವ್ವ ಚೀಲದ ಹಿತ್ತಾಳೆ ಬಕಲನ್ನು ಲಂಗದ ತುದಿಯಿಂದ ತಿಕ್ಕಿದಳು. ನೀರು ಕುಡಿದ ಮಾತನ್ನು ಅವ್ವನಿಗೂ ಅಪ್ಪ ಹೇಳಿರಲಿಲ್ಲ.

“ಮುಂದೆ ಹೇಸರಗತ್ತೆ ಗುಡ್ಡ ಹತ್ತಿತು,” ಎಂದು ಅವಳು ಕತೆ ಮುಗಿಸಿದಳು.