ಡಬ್ಬಿಯ ಮೇಲಿನ ತತ್ತಿ

"ಯಾರೂ ಮುಟ್ಟಬ್ಯಾಡ್ರಿ! ಆಕೀನ ಏಳ್ತಾಳ!"

ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನೆರೆದಿದ್ದ ಜನ ಒಮ್ಮೆಗೇ ತಿರುಗಿ ನೋಡಿದರು. ನೆಲದ ಮೇಲೆ ಕುಸಿದು ಕೂತಿದ್ದ ಮಂಗಲಾಳೂ ನೋಡಿದಳು.

ಮಿರಜಿನಿಂದ ಬಂದ ಬಸ್ಸಿನ ಕೊನೆಯ ಮೆಟ್ಟಿಲು ಇಳಿಯುವಾಗ ಅವಳ ಮೊಣಕಾಲು ಕೈಕೊಟ್ಟಿದ್ದವು. ಆರು ತಿಂಗಳಿಂದ ಹೀಗೇ. ಕೂತರೆ ಏಳಲಾಗದು, ಎದ್ದರೆ ನಿಲ್ಲಲಾಗದು. ಅಪ್ಪ ಪಾರಿಸಣ್ಣ ಒಂದು ಕೈಯಲ್ಲಿ ಔಷಧಿ ಚೀಲ, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಕಾಗದ ಹಿಡಿದು ಪೇಚಾಡುತ್ತಿದ್ದರು. "ಅಯ್ಯೋ ಪಾಪ, ವಯಸ್ಸಿನ ಹುಡುಗಿ" ಎನ್ನುತ್ತ ಇಬ್ಬರು ಹೆಂಗಸರು ಅವಳ ತೋಳಿಗೆ ಕೈ ಹಾಕಿದ್ದರು. ಆಗಲೇ ಈ ಕೂಗು!

ಕೂಗಿದವನಿಗೆ ಮೂವತ್ತರ ಆಸುಪಾಸು. ಅಗಲ ಭುಜ, ಮುದುರಿದ ಕಿವಿ. ಕುಸ್ತಿ ಆಡಿದವನೆಂದು ಆ ಕಿವಿಯೇ ಹೇಳುತ್ತಿತ್ತು. ಎಡಗಾಲನ್ನು ಕೊಂಚ ಎಳೆಯುತ್ತ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

'ಎಷ್ಟು ಸೊಕ್ಕು ಇವನಿಗೆ! ಬಿದ್ದವಳನ್ನು ಎತ್ತಬೇಡಿ ಅನ್ನುತ್ತಾನಲ್ಲ...' ಮಂಗಲಾಳ ಕಣ್ಣಲ್ಲಿ ನೀರೂ ಬಂತು, ಸಿಟ್ಟೂ ಬಂತು.

"ನೋಡ್ರಿ, ಮೊದಲ ಮಗ್ಗಲಾಗ್ರಿ. ಎರಡೂ ಅಂಗೈ ನೆಲಕ್ಕ ಊರ್ರಿ. ಹಾಂ... ಈಗ ಮೊಣಕಾಲ ಮ್ಯಾಲ ಬರ್ರಿ. ಆ ಕಟ್ಟಿ ಹಿಡೀರಿ. ಬಲಗಾಲ ಮುಂದ."

"ನನ್ನ ಕೈಲಿ ಆಗೂದಿಲ್ಲ!"

"ಆಗೂದಿಲ್ಲಂತ ಕಾಲ ಹೇಳಾಕತ್ತಾವೋ, ಮಂದಿ ಹೇಳಾಕತ್ತಾರೋ?"

ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟಿಗೇ ಇರಬೇಕು, ಕಟ್ಟೆ ಹಿಡಿದು, ಹಲ್ಲು ಕಚ್ಚಿ, ತೊಡೆಗಳು ಥರಥರ ನಡುಗುತ್ತಿದ್ದರೂ ಎದ್ದೇಬಿಟ್ಟಳು! ಆರು ತಿಂಗಳಲ್ಲಿ ಮೊದಲ ಸಲ, ಯಾರ ಕೈಯ ಆಸರೆಯೂ ಇಲ್ಲದೆ.

"ನೀವು ಯಾರ್ರಿ ನನಗ ಹೇಳಾಕ?" ಏದುಸಿರಿನಲ್ಲೇ ಕೇಳಿದಳು.

"ಮಲಕಾರಿ. ಏಕಸಂಬಿ ಹೈಸ್ಕೂಲಿಗೆ ಈ ವರ್ಷ ಬಂದ ಡ್ರಿಲ್ ಮಾಸ್ತರ."

ಹಾಳಾದ್ದು, ತನ್ನ ಊರಿಗೇ ಬರಬೇಕಿತ್ತೇ ಈ ಮನುಷ್ಯ!

*

ಅದು ಸಾವಿರದ ಒಂಬೈನೂರ ತೊಂಬತ್ತೊಂದರ ಜನವರಿ.

ಮಂಗಲಾಳಿಗೆ ಇಪ್ಪತ್ತೆರಡು. ಟಿ.ಸಿ.ಎಚ್. ಮುಗಿಸಿ, ರಾಯಬಾಗದ ಕಡೆಯ ಶಾಲೆಯೊಂದಕ್ಕೆ ಟೀಚರಾಗಿ ಆರ್ಡರ್ ಬಂದ ತಿಂಗಳಲ್ಲೇ ರೋಗ ಬಂದಿತ್ತು. ಮೈಯ ಖಂಡಗಳಲ್ಲೇ ಉರಿಯೂತ. ಗುಳಿಗೆಗಳಿಂದ ರೋಗವೇನೋ ಹತೋಟಿಗೆ ಬಂತು. ಆದರೆ ಅಷ್ಟರಲ್ಲಿ ತೊಡೆಯ ಖಂಡ ಕರಗಿ ಹೋಗಿತ್ತು. ಕೆಲಸಕ್ಕೆ ಹಾಜರಾಗಲು ಅರ್ಜಿ ಹಾಕಿ ಪಡೆದ ಕೊನೆಯ ಗಡುವು ಜೂನ್ ಒಂದು. ಅದು ದಾಟಿದರೆ ಆರ್ಡರ್ ರದ್ದು.

ಮಿರಜಿನ ಡಾಕ್ಟರು ಈ ಸಲ ಬಿಡಿಸಿ ಹೇಳಿದ್ದರು. ಇನ್ನು ಮಲಗಿದ್ದು ಸಾಕು, ದಿನಾ ಸ್ವಲ್ಪ ಸ್ವಲ್ಪವೇ ವ್ಯಾಯಾಮ ಬೇಕು. ಹೊಟ್ಟೆಗೆ ಪ್ರೋಟೀನ್ ಬೇಕು. ತತ್ತಿ ತಿನ್ನುತ್ತೀರಾ?

ಮನೆಯಲ್ಲಿ ಆ ಕೊನೆಯ ಮಾತು ಕೇಳಿದ್ದೇ ತಡ, ಅಜ್ಜಿ ಲಕ್ಷ್ಮಿಬಾಯಿ ಎರಡೂ ಕಿವಿ ಮುಚ್ಚಿಕೊಂಡರು. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರ ಮನೆ ಅದು! ತಾಯಿಯಿಲ್ಲದ ಮಂಗಲಾಳನ್ನು ಎತ್ತಿ ಆಡಿಸಿದವರೂ ಆ ಅಜ್ಜಿಯೇ.

"ವ್ಯಾಯಾಮ ಬ್ಯಾಡ, ಏನೂ ಬ್ಯಾಡ. ಹುಡುಗೀನ ಸುಮ್ನ ಮಲಗಿಸ್ರಿ. ನೌಕರಿ ವಲ್ಲೆ ಅಂತ ಕಾಗದ ಬರದು ಹಾಕ್ರಿ" ಅಂದರು ಅಜ್ಜಿ.

"ಮಲಗಿ ಮಲಗಿನ ಇಷ್ಟ ಆಗೇತಿ, ಆಯಿ! ಇನ್ನ ಮಲಗೂದಿಲ್ಲ. ಕಾಗದಾನೂ ಬರಿಯೂದಿಲ್ಲ!" ಮಂಗಲಾ ಅಪ್ಪನ ಕಡೆ ತಿರುಗಿದಳು. "ಅಪ್ಪಾ... ಆ ಸೊಕ್ಕಿನ ಮಾಸ್ತರನ್ನ ಕರಸು."

*

ಮಲಕಾರಿ ಬಂದ. ಬಂದವನೇ ಡಾಕ್ಟರ ಚೀಟಿ ಕೇಳಿ, ಎರಡು ಸಲ ಓದಿದ. ಆಮೇಲೆ ಪಡಸಾಲೆಯಲ್ಲಿದ್ದ ಕುರ್ಚಿಯ ಮೇಲೆ ನಾಲ್ಕು ಗೋಣಿಚೀಲ ಮಡಚಿ ಹಾಕಿ ಎತ್ತರ ಮಾಡಿದ.

"ಕುಂದರ್ರಿ. ಏಳ್ರಿ. ಇವತ್ತ ಐದ ಸಲ ಸಾಕು."

"ಇಷ್ಟಕ್ಕ ಮಾಸ್ತರ ಯಾಕ ಬೇಕಿತ್ತು?"

ನಾಲ್ಕನೆಯ ಸಲಕ್ಕೇ ಉತ್ತರ ಸಿಕ್ಕಿತು. ತೊಡೆ ಬೆಂಕಿಯಾಗಿ, ಬೆನ್ನೆಲ್ಲ ಬೆವರಿಳಿದಿತ್ತು. ಅವನು ಕೈ ಕೊಡಲಿಲ್ಲ, ಅಯ್ಯೋ ಅನ್ನಲೂ ಇಲ್ಲ. ಐದಾದ ಮೇಲೆ ಅವಳು ಹಟಕ್ಕೆ ಆರನೆಯದಕ್ಕೆ ಎದ್ದಾಗ ಮಾತ್ರ ಗದರಿದ.

"ಇವತ್ತ ಹೆಚ್ಚಿಗಿ ಮಾಡಿ ನಾಳೆ ಹಾಸಿಗಿ ಹಿಡಿಯೋದು ಶೂರತನ ಅಲ್ಲರಿ. ನಾಳೆನೂ ಏಳೂದು ಶೂರತನ."

'ನನ್ನನ್ನು ಪಾಪ ಅನ್ನದ ಮನುಷ್ಯ ಊರಲ್ಲಿ ಇವನೊಬ್ಬನೇ' ಅನ್ನಿಸಿತು ಅವಳಿಗೆ. ಅದು ಯಾಕೋ ಹಿತವಾಗಿತ್ತು.

ದಿನಾ ಸಂಜೆ ನಾಲ್ಕಕ್ಕೆ ಬರುತ್ತಿದ್ದ. ಬಾಗಿಲು ತೆರೆದೇ ಇರಬೇಕು, ಜಪಮಾಲೆ ಹಿಡಿದು ಅಜ್ಜಿ ಎದುರಿಗೇ ಕೂತಿರಬೇಕು, ಇದು ಮನೆಯ ಕರಾರು. ಅಜ್ಜಿಯ ಬಾಯಿ ಜಪ ಮಾಡುತ್ತಿತ್ತು, ಕಣ್ಣು ಪೊಲೀಸ್ ಕೆಲಸ ಮಾಡುತ್ತಿತ್ತು.

ತಿಂಗಳಿಗೆ ಒಂದೊಂದು ಗೋಣಿಚೀಲ ಕುರ್ಚಿಯಿಂದ ಇಳಿಯಿತು. ಮೂರಾಯಿತು, ಎರಡಾಯಿತು...

ಒಂದು ದಿನ ಅವಳೇ ಕೇಳಿದಳು. "ಇದೆಲ್ಲ ಎಲ್ಲಿ ಕಲತ್ರಿ?"

"ಮೈಮ್ಯಾಲ. ಕುಸ್ತಿಯಾಗ ತೊಡಿ ಎಲುಬ ಮುರೀತ್ರಿ. ಆರ ತಿಂಗಳ ಪ್ಲಾಸ್ಟರ್. ಬಿಚ್ಚಿದ ಮ್ಯಾಲ ನೋಡಿದ್ರ ಕಾಲ ನನ್ನ ಕೈಯಷ್ಟ ಆಗಿತ್ತು! ಪೈಲವಾನ ಮಲಕಾರಿ ಬಚ್ಚಲಕ್ಕ ಹೋಗಾಕೂ ಅವ್ವನ ಹೆಗಲ ಹಿಡೀತಿದ್ದ." ನಕ್ಕ. ಕಣ್ಣು ನಗಲಿಲ್ಲ. "ಮಂದಿ ಬಂದು ಬಂದು ಅತ್ತು ಹೋಗೋರು. ಅದಕ್ಕ ನಿಮ್ಮನ್ನ ಎತ್ತಬ್ಯಾಡ್ರಿ ಅಂದೆ ಅವತ್ತ."

ಆ ಸಂಜೆ ಕೂತು ಏಳುವಾಗ ಅವಳಿಗೆ ಲೆಕ್ಕವೇ ತಪ್ಪಿಹೋಯಿತು!

ಇನ್ನು ಊಟದ ವಿಷಯ. "ತತ್ತಿ ಬ್ಯಾಡ ಬಿಡ್ರಿ, ದಾರಿ ಬ್ಯಾರೆ ಐತಿ" ಎಂದು ಅವನು ಅರಿವೆಯ ಚೀಲದಲ್ಲಿ ಹಿಟ್ಟು ತಂದುಕೊಡುತ್ತಿದ್ದ. ಹುರಿದ ಶೇಂಗಾ, ಪುಟಾಣಿ ಕಡಲೆ, ಸೋಯಾ, ಹೆಸರುಬೇಳೆ ಕೂಡಿಸಿ ಬೀಸಿದ ಹಿಟ್ಟು. ವ್ಯಾಯಾಮ ಮುಗಿದ ಮೇಲೆ ಹಾಲಿನಲ್ಲಿ ಕಲಸಿ, ಹೊತ್ತು ಮುಳುಗುವ ಮೊದಲೇ ತಿನ್ನಬೇಕು. ಸೂರ್ಯ ಇಳಿಯುತ್ತಿದ್ದರೆ ಅವಳಿಗಿಂತ ಅವನಿಗೇ ಅವಸರ.

"ಲಗೂ ತಿನ್ರಿ, ಹೊತ್ತ ಮುಳಗತೈತಿ!"

ಅಜ್ಜಿಗೇ ನಗು ಬಂದುಬಿಡುತ್ತಿತ್ತು ಕೆಲವೊಮ್ಮೆ. ಮಂಗಲಾಳಿಗಂತೂ ನಾಲ್ಕು ಗಂಟೆಯ ಮೊದಲಿನ ಹೊತ್ತು ಸರಿಯುತ್ತಲೇ ಇರಲಿಲ್ಲ. 'ಇದು ಕಾಲಿನ ಚಿಂತೆಯೋ, ಬೇರೆಯದೋ...' ತನ್ನನ್ನೇ ಕೇಳಿಕೊಂಡು ತಾನೇ ಕೆಂಪಾಗುತ್ತಿದ್ದಳು.

*

ಏಪ್ರಿಲ್‌ನಲ್ಲಿ ಅರಿವೆಯ ಚೀಲಕ್ಕೆ ಇರುವೆ ಮುತ್ತಿದವು. ಮಲಕಾರಿ ಅಂದಿನಿಂದ ಹಿಟ್ಟನ್ನು ತಗಡಿನ ಡಬ್ಬಿಯಲ್ಲಿ ತಂದ. ಡಬ್ಬಿಗೆ ಸುತ್ತಲೂ ಬಿಳಿ ಕಾಗದ ಅಂಟಿಸಿತ್ತು.

ಒಂದು ಸಂಜೆ ವ್ಯಾಯಾಮ ನಡೆದಿದ್ದಾಗ ಅಜ್ಜಿ ಆ ಡಬ್ಬಿಯನ್ನು ಒದ್ದೆ ಅರಿವೆಯಿಂದ ಒರೆಸಿದರು. ಕಾಗದ ನೆನೆದು ಕಿತ್ತು ಬಂತು. ಅದರ ಅಡಿಯ ಚಿತ್ರದಿಂದ ಒಬ್ಬ ಪೈಲವಾನ ತೋಳುಬ್ಬಿಸಿ ನಕ್ಕ. ಅವನ ಪಕ್ಕದಲ್ಲಿ, ದುಂಡಗೆ, ಬೆಳ್ಳಗೆ, ತತ್ತಿ!

"ಅಯ್ಯೋ ನನ್ನ ಕರ್ಮವೇ! ಮಗಳಿಗೆ ತತ್ತಿ ತಿನಿಸ್ಯಾನಲೇ ಪಾರಿಸಾ!"

ಡಬ್ಬಿ ನೆಲಕ್ಕೆ ಬಿತ್ತು. ಹಿಟ್ಟು ಪಡಸಾಲೆಯ ತುಂಬ ಚೆಲ್ಲಿತು. ಒಳಗಿನಿಂದ ಪಾರಿಸಣ್ಣ ಓಡಿ ಬಂದರು.

ಮಂಗಲಾಳ ಕೈ ಬಾಯಿಗೆ ಹೋಯಿತು. "ಮಾಸ್ತರ... ಖರೇ ಹೇಳ್ರಿ. ಇದರಾಗ ತತ್ತಿ ಐತೇನು?"

"ಇಲ್ರಿ! ಡಬ್ಬಿ ಅಷ್ಟ ತತ್ತಿ ಪುಡಿದು. ಕುಸ್ತಿ ತಾಲೀಮಿನ ಮನ್ಯಾಗ ಖಾಲಿ ಬಿದ್ದಿತ್ತು, ಮೂರ ಸಲ ತೊಳದು ಹಿಟ್ಟ ತುಂಬೇನಿ. ನನ್ನ ಅವ್ವನ ಆಣಿ!"

"ಮತ್ತ ಕಾಗದ ಯಾಕ ಅಂಟಿಸಿದ್ರಿ?"

ಅವನು ತಲೆ ತಗ್ಗಿಸಿದ.

"ತಪ್ಪಿಲ್ಲದಿದ್ರ ಮುಚ್ಚೂದು ಯಾಕ್ರಿ?" ಅವಳ ದನಿ ಒಡೆಯಿತು. "ಇಡೀ ಊರ ನನ್ನ ಕೇಳಲಾರದ ನನ್ನ ಬಾಳಿನ ತೀರ್ಮಾನ ಮಾಡ್ತೈತಿ. ನೀವೂ ಹಂಗ ಮಾಡಿದ್ರಿ! ನನ್ನ ಬಾಯಿಗೆ ಹೋಗೂದನ್ನ ನನ್ನಿಂದ ಮುಚ್ಚಿಟ್ರಿ!"

"ಹೋಗ್ರಿ ಮಾಸ್ತರ" ಅಂದರು ಪಾರಿಸಣ್ಣ, ಬಾಗಿಲ ಕಡೆ ಕೈ ತೋರಿಸಿ. ಅವನು ಹೋದ.

ಆ ಸಂಜೆ ಅವಳು ಅತ್ತಳು. ತತ್ತಿಗೆ ಅತ್ತಳೋ, ಹೋದವನಿಗೆ ಅತ್ತಳೋ, ಅವಳಿಗೇ ತಿಳಿಯಲಿಲ್ಲ.

ಮರುದಿನ ಅಜ್ಜಿ ಮತ್ತೆ ಕಾಗದದ ಮಾತು ತೆಗೆದರು. ನೌಕರಿ ಬಿಡು, ವ್ಯಾಯಾಮದ ಹುಚ್ಚು ಬಿಡು. ನಾಲ್ಕು ಹೊಡೆದಾಗ ಮಂಗಲಾ ಕುರ್ಚಿಯನ್ನು ತಾನೇ ಎಳೆದುಕೊಂಡಳು. ಉಳಿದಿದ್ದ ಕೊನೆಯ ಗೋಣಿಚೀಲವನ್ನು ತೆಗೆದು ಮೂಲೆಗೆ ಎಸೆದಳು. ಕೂತಳು. ಎದ್ದಳು. ಕಣ್ಣೀರು ಸುರಿಯುತ್ತಿತ್ತು, ಲೆಕ್ಕ ಮಾತ್ರ ತಪ್ಪಲಿಲ್ಲ.

'ಮಾಸ್ತರ ಹೋದರೇನು? ಕಾಲು ನನ್ನವು!'

*

ಮೇ ತಿಂಗಳ ಕೊನೆಯ ವಾರ. ನಾಲ್ಕರ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಹಣೆತುಂಬ ಭಂಡಾರದ ಅರಿಶಿನ, ಕಂಕುಳಲ್ಲಿ ಅರಿವೆಯ ಗಂಟು.

"ನಾ ಕೆಂಚವ್ವ. ಮಲಕಾರಿ ಅವ್ವ. ಒಳಗ ಬರೂದಿಲ್ಲ ತಾಯಿ, ಇಲ್ಲೇ ನಿಂತ ಹೇಳಿ ಹೋಕ್ಕೀನಿ."

ಅಜ್ಜಿಯ ಮುಖ ಗಂಟಾಯಿತು. ಮುದುಕಿ ಅದನ್ನು ಲೆಕ್ಕಕ್ಕೇ ಇಡಲಿಲ್ಲ.

"ನಾವು ಕುರಿ ಕಾಯೋ ಮಂದಿ. ಹಬ್ಬ ಅಂದ್ರ ನಮ್ಮ ಮನ್ಯಾಗ ಖಂಡ ಬೇಯಬೇಕು. ಆದ್ರ ಸಂಕ್ರಮಣ ದಾಟಿದ ಮ್ಯಾಲ ನನ್ನ ಮಗ ಒಲಿ ಮ್ಯಾಲ ಖಂಡ ಇಡಗೊಟ್ಟಿಲ್ಲ. 'ಇದ ಒಲಿ ಮ್ಯಾಲ ಅವರ ಹಿಟ್ಟ ಹುರೀಬೇಕವ್ವಾ' ಅಂದ. ಹುರಿಯಾಕ ಹೊಸ ಹಂಚ ತಂದ. ಜಳಕ ಮಾಡಿನ ಬೀಸ್ತಿದ್ದೆ ನಾನು. ಡಬ್ಬಿ ತಂದಿದ್ದು ಅವನ ತಪ್ಪ. ಹೌದು, ದಡ್ಡ ಅದಾನ. ಆದ್ರ ಸುಳ್ಳ ಅಲ್ಲ ಅಂವ."

ಕೆಂಚವ್ವ ಕಂಕುಳಿನ ಗಂಟನ್ನು ಮುಂದೆ ಚಾಚಿದಳು.

"ನೀವು ಬೈದು ಕಳಿಸಿ ತಿಂಗಳ ಮ್ಯಾಲಾತು. ಇನ್ನೂ ಖಂಡ ಇಡಗೊಡವಲ್ಲ! ಮತ್ತ ಹಿಟ್ಟ ಮಾಡಿಸ್ಯಾನ, ಕೊಡಾಕ ಮಾರಿ ಇಲ್ಲ ಅವಗ. ನನಗ ಮಟನ್ ಸಾರ ಉಣ್ಣೂ ಆಸೆ ಆಗೇತಿ. ನೀವ ಏನರ ಒಂದು ತೀರ್ಮಾನ ಮಾಡ್ರಿ!"

ಮಂಗಲಾ ಎದ್ದಳು. ಹೊಸ್ತಿಲ ತನಕ ನಡೆದು ಬಂದು ಗಂಟು ಇಸಿದುಕೊಂಡಳು, ಬಿಚ್ಚಿದಳು. ಒಂದು ಚಿಟಿಕೆ ಹಿಟ್ಟು ಬಾಯಿಗೆ ಹಾಕಿಕೊಂಡಳು.

"ಮಂಗಲಾ! ಬ್ಯಾಡ!" ಅಜ್ಜಿ ಚೀರಿದರು.

"ಈ ಸಲ ನನಗ ಗೊತ್ತಿದ್ದ ತಿನ್ನಾಕತ್ತೇನಿ, ಆಯಿ. ಈ ಹಿಟ್ಟ ಹುರದ ಒಲಿ ನಮ್ಮ ಒಲಿಗಿಂತ ಕಡಿಮಿ ಅಲ್ಲ."

ಕೆಂಚವ್ವನ ಕೈ ಕಣ್ಣಿಗೊತ್ತಿಕೊಂಡು, ಚಪ್ಪಲಿ ಮೆಟ್ಟಿ, ಮಲಕಾರಿ ಇರುವ ತಾಲೀಮಿಗೆ, ಊರ ಗರಡಿಮನೆಗೆ, ಹೊರಟಳು. ಕೋಲು ಇಲ್ಲ, ಯಾರ ಹೆಗಲೂ ಇಲ್ಲ. ಪಾರಿಸಣ್ಣ ತಡೆಯಲು ಎದ್ದವರು ಮಗಳ ನಡಿಗೆ ನೋಡಿ ಹಾಗೇ ನಿಂತುಬಿಟ್ಟರು. ಕಟ್ಟೆ ಕಟ್ಟೆಯಲ್ಲೂ ಜನ ಬಾಯಿ ತೆರೆದು ನೋಡಿದರು. ನೋಡಲಿ!

ಕುಸ್ತಿಯ ಹೊತ್ತಿಗೆ ಆ ಕಡೆ ಹೆಂಗಸರು ಸುಳಿಯುತ್ತಿರಲಿಲ್ಲ. ಮಂಗಲಾ ಬಾಗಿಲೆದುರೇ ನಿಂತು ಕೂಗಿದಳು. "ಮಾಸ್ತರ! ಹೊರಗ ಬರ್ರಿ!"

ಮೈಯೆಲ್ಲ ಕೆಂಪು ಮಣ್ಣು ಮೆತ್ತಿಕೊಂಡು ಮಲಕಾರಿ ಓಡಿ ಬಂದ. ಅವಳ ಹಿಂದೆ ಬಂಡಿ ಇದೆಯೋ, ಅಪ್ಪ ಇದ್ದಾರೋ ಎಂದು ಕಣ್ಣಾಡಿಸಿದ. ಯಾರೂ ಇರಲಿಲ್ಲ.

"ನ... ನಡಕೋತ ಬಂದ್ರಿ?"

"ಹೌದು, ನಡಕೋತ ಬಂದೆ. ಈಗ ಹೇಳ್ರಿ. ಕಾಗದ ಯಾಕ ಅಂಟಿಸಿದ್ರಿ?"

"ಆ ಚಿತ್ರ ನೋಡಿದ್ರ ನಾಳಿಂದ ಬರಬ್ಯಾಡ ಅಂತೀರಿ ಅನಿಸ್ತು. ನಾಲ್ಕ ಗಂಟೇಕ ನಿಮ್ಮ ಮನಿಗೆ ಬರೂದು ತಪ್ಪಿದ್ರ... ನನಗ ಬ್ಯಾರೆ ಏನೂ ಉಳೀತಿರಲಿಲ್ರಿ. ಅಂಜಿ ಮುಚ್ಚಿದೆ. ತಪ್ಪಾತು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಅಜ್ಜಿ ಮುಂದ ಹೆಂಗ ಹೇಳ್ಲಿ, ನಿಮ್ಮ ಮೊಮ್ಮಗಳ ಮ್ಯಾಲ ಜೀವ ಐತಿ ಅಂತ!"

ತಾಲೀಮಿನ ಒಳಗೆ ದಂಡ ಹೊಡೆಯುವ ಸದ್ದು ನಿಂತುಹೋಯಿತು. ಪೈಲವಾನರೆಲ್ಲ ಕಿವಿಯಾಗಿದ್ದರು. ಮಂಗಲಾ ಕಣ್ಣು ತಗ್ಗಿಸಲಿಲ್ಲ.

"ನನಗೂ ಐತಿ. ಆದ್ರ ಇನ್ನ ಮ್ಯಾಲ ನನ್ನಿಂದ ಏನೂ ಮುಚ್ಚಬಾರದು. ಕೇಳಿ ಮಾಡಬೇಕು."

"ಕೇಳ್ತೀನ್ರಿ."

"ಒಂದನೇ ತಾರೀಖಿಗೆ ರಾಯಬಾಗಕ್ಕ ಹೋಗಿ ಹಾಜರಾಗಾಕಿ ನಾನು. ರೋಗ ಮತ್ತ ತಿರುಗಿ ಬರಬಹುದಂತ ಡಾಕ್ಟರು ಹೇಳ್ಯಾರ. ಅದೂ ಮುಚ್ಚೂದಿಲ್ಲ ನಾನು."

"ಬಂದ್ರ ಬರಲಿ. ಆ ಕಡೆ ಬದಲಿ ಕೇಳಿ ನಾನೂ ಬರ್ತೀನಿ." ಹೇಳಿದವನು ತಕ್ಷಣ ಅಳುಕಿದ. "ಆದ್ರ ಮನಿಯವರು... ನೀವು ಜೈನರು, ನಾವು ಕುರುಬರು. ಒಪ್ಪೂದಿಲ್ಲಲ್ರಿ?"

"ನನ್ನ ಕಾಲ ಒಪ್ಪಾಕ ಐದ ತಿಂಗಳ ತಗೊಂಡಾವು. ಮನಿಯವರಿಗೂ ಅಷ್ಟ ಕೊಡೂಣು."

"ಅಷ್ಟಕ್ಕೂ ಒಪ್ಪದಿದ್ರ?"

"ನಾ ಒಪ್ಪೇನಲ್ರಿ!"

ಅವನು ನಕ್ಕ. ಈ ಸಲ ಕಣ್ಣೂ ನಕ್ಕವು. ಮಣ್ಣಿನ ಕೈ ಧೋತರಕ್ಕೆ ಒರೆಸಿಕೊಳ್ಳುತ್ತ, "ಹಂಗಾರ ಆತು, ಅಕ್ಕೋರ" ಅಂದ.

"ಅಕ್ಕೋರ ಅಂತ ಶಾಲಿ ಹುಡುಗ್ರು ಕರೀತಾರ. ನೀವಲ್ಲ!"

"ಮತ್ತ... ಏನಂತ ಕರೀಲಿ?"

"ಹೆಸರ ಇಲ್ಲೇನು ನನಗ?"

ಮಲಕಾರಿಯ ಮುಖ ಮಣ್ಣಿಗಿಂತ ಕೆಂಪಾಯಿತು.

"ಮಂಗಲಾ..."

"ಹೂಂ" ಅಂದಳು ಅವಳು. "ಇನ್ನೊಂದ ಸಲ ಕರೀರಿ."