ಬೆಟ್ಟದ ಮೇಲಿನ ಸಲುಗೆ

"ಇದನ್ನ ಬರೆದೋರು ಯಾರು?"

ಬಾಗಿಲಲ್ಲಿ ನಿಂತಿದ್ದವನ ಬೂಟಿನಿಂದ ಸರೋವರದ ನೀರು ತೊಟ್ಟಿಕ್ಕುತ್ತಿತ್ತು. ಪ್ರವಾಸಿ ಮಾಹಿತಿ ಕಚೇರಿಗೆ ಸೇರಿ ಎಂಟೇ ದಿನವಾಗಿದ್ದ ವೀಬ್ಕೆ ಪೀಟರ್ಸನ್ ಬೆಚ್ಚಿ ತಲೆಯೆತ್ತಿದಳು.

"ನಾನೇ. ಯಾಕೆ?"

"ಸರೋವರ ಕನ್ನಡಿಯಂತಿದೆ, ದೋಣಿ ಹತ್ತಿ ಆಚೆ ದಡಕ್ಕೆ ಹೋಗಿಬನ್ನಿ ಅಂತ ಬರೆದಿದ್ದೀರಲ್ಲ... ಹೋಗೋದೇನೋ ಹೋಗ್ತಾರೆ. ಬರೋದು?"

ಹೊರಗೆ ಹೋದವನೇ ಅವಳು ದಿನದ ಸಲಹೆ ಬರೆದಿಟ್ಟಿದ್ದ ಕರಿಹಲಗೆಯನ್ನು ಅಂಗಿಯ ತೋಳಿನಿಂದ ಒರೆಸಿಬಿಟ್ಟ. ಅದೂ ನಾಲ್ಕು ಜನ ಪ್ರವಾಸಿಗರ ಎದುರಿಗೆ!

ವೀಬ್ಕೆಯ ಕಿವಿ ಕೆಂಪಾಯಿತು. "ಏನ್ರೀ ಇದು? ಆಕಾಶ ನೋಡಿ, ಒಂದು ಚೂರು ಮೋಡ ಇಲ್ಲ. ಎದುರಿನ ಬೆಟ್ಟ ಕೈಗೆ ಸಿಗೋ ಹಾಗಿದೆ!"

"ಅದಕ್ಕೇ ಹೆದರಬೇಕು. ಬೆಟ್ಟ ಹತ್ತಿರ ಕಂಡ್ರೆ ಅದರ ಹಿಂದೇನೇ ಬಿಸಿಗಾಳಿ ಬರ್ತಿದೆ ಅಂತ ಅರ್ಥ. ಯಾವೂರು ನಿಮ್ಮದು?"

"ಹ್ಯಾಂಬರ್ಗ್."

"ಓಹೋ... ಬೆಟ್ಟಾನೇ ಇಲ್ಲದ ಊರು" ಎಂದು ತಿರುಗಿಯೂ ನೋಡದೆ ಹೊರಟುಹೋದ.

ಎಂಥ ಸೊಕ್ಕಿನ ಮನುಷ್ಯ! ಆದರೆ ಎರಡು ಗಂಟೆ ಕಳೆಯುವುದರೊಳಗೆ ಕಣಿವೆಯ ಬಾಯಿಂದ ಗಾಳಿ ನುಗ್ಗಿತು. ಕನ್ನಡಿಯಂತಿದ್ದ ನೀರು ನೊರೆ ಕಾರತೊಡಗಿತು. ದಡದ ಕಿತ್ತಳೆ ಎಚ್ಚರಿಕೆ ದೀಪ ಹುಚ್ಚು ಹಿಡಿದಂತೆ ಮಿಣುಕುತ್ತಿತ್ತು. ವೀಬ್ಕೆ ಕಿಟಕಿ ಹಿಡಿದು ನಿಂತಳು. ಅವನು ಒರೆಸದೇ ಇದ್ದಿದ್ದರೆ...?

ಅವನು ಬಾಡಿಗೆ ದೋಣಿ ನಡೆಸುವ ಕಾಸ್ಪರ್ ಇಂಹೋಫ್. ಮಾರನೆಯ ಬೆಳಿಗ್ಗೆ ಏಳಕ್ಕೇ ಹಲಗೆಯ ಮುಂದೆ ಕೈಕಟ್ಟಿ ನಿಂತಿದ್ದ. ಅದರ ಮಾರನೆಯ ದಿನವೂ. ಆಮೇಲೆ ದಿನವೂ.

"ಮೇ ತಿಂಗಳಲ್ಲಿ ಈಜಿ ಅಂತ ಬರೀಬೇಡಿ ಪೀಟರ್ಸನ್ ಅವರೇ. ಹಿಮ ಕರಗಿದ ನೀರು, ಎದೆ ಹಿಡ್ಕೊಂಡುಬಿಡುತ್ತೆ."

"ಮೇಲೆ ಹೋಗೋರಿಗೆ ಮೊದಲ ರೋಪ್‌ವೇನೇ ಹಿಡೀರಿ ಅನ್ನಿ. ಮಧ್ಯಾಹ್ನ ಆದ್ರೆ ಮೋಡ ಬಿಟ್ಟು ಇನ್ನೇನೂ ಕಾಣಲ್ಲ."

"ಹಸುಗೂ ಕರುಗೂ ನಡುವೆ ನಿಂತು ಫೋಟೋ ತೆಗೀಬೇಡಿ ಅಂತ ದಪ್ಪಕ್ಷರದಲ್ಲಿ ಬರೀರಿ. ಹಸುಗೆ ಓದೋಕೆ ಬರಲ್ಲ."

ಅವನು ಹೇಳಿದ್ದನ್ನು ಇವಳು ಬರೆಯುತ್ತಿದ್ದಳು. ಇವಳು ಕೊಟ್ಟ ಕಾಫಿಯನ್ನು ಅವನು ಕುಡಿಯುತ್ತಿದ್ದ. ಬೇಸಿಗೆ ಹೀಗೇ ಕಳೆಯಿತು.

ಬೇಕರಿಯ ಮುದುಕಿ ಅಗಾತಾ ಬ್ರೆಡ್ ಸುತ್ತಿಕೊಡುತ್ತಾ ಕಣ್ಣು ಮಿಟುಕಿಸುತ್ತಿದ್ದಳು. "ಕಾಸ್ಪರ್ ತಲೆ ಬಾಚಿದ್ದನ್ನ ನಾನು ಚರ್ಚಿನಲ್ಲೂ ನೋಡಿಲ್ಲ ಕಣೇ. ಈಗ ನಿನ್ನ ಹಲಗೆ ಓದೋಕೆ ಬಾಚ್ಕೊಂಡು ಬರ್ತಾನೆ!"

"ಅಯ್ಯೋ, ಹಾಗೇನಿಲ್ಲ..." ಎನ್ನುವಾಗ ವೀಬ್ಕೆಗೆ ತನ್ನ ದನಿಯ ಮೇಲೇ ನಂಬಿಕೆ ಬರುತ್ತಿರಲಿಲ್ಲ.

ಅಕ್ಟೋಬರ್ ಮೊದಲ ವಾರ ಕಚೇರಿಯ ಮೇಲಧಿಕಾರಿ ಕೇಳಿದಳು, "ಚಳಿಗಾಲಕ್ಕೂ ಇಲ್ಲೇ ಇರ್ತೀರಾ? ಶುಕ್ರವಾರ ಸಂಜೆ ಐದರೊಳಗೆ ಹೇಳಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋಬೇಕು."

ಇರಬೇಕು ಎಂದು ಮನಸ್ಸು ಕೂಗಿತು. ಯಾರಿಗಾಗಿ ಎಂದು ಬುದ್ಧಿ ಕೇಳಿತು. ಅವನು ಇದುವರೆಗೆ ಏನೂ ಹೇಳಿಲ್ಲವಲ್ಲ!

ಆ ಮಂಗಳವಾರ ಅವಳು ಎತ್ತರದ ಬೆಟ್ಟದ ತಂಗುಮನೆಯ ದಾರಿಯ ಬಗ್ಗೆ ಬರೆಯಲು ಕೂತಾಗ ಕಾಸ್ಪರ್ ಸೀಮೆಸುಣ್ಣ ಕಿತ್ತುಕೊಂಡ. "ನಡೆಯದ ದಾರಿ ಬಗ್ಗೆ ಬರೀಬಾರದು. ಬನ್ನಿ, ಕರ್ಕೊಂಡು ಹೋಗ್ತೀನಿ."

ಐದು ಗಂಟೆ ಏರು. ಮರಗಳು ಮುಗಿದು ಬರೀ ಬಂಡೆ ಉಳಿದಾಗ ಅವಳ ಕಾಲು ಜಾರಿತು.

"ವೀಬ್ಕೆ! ಕೈ ಕೊಡು. ನನ್ನ ನೋಡು, ಕೆಳಗೆ ನೋಡ್ಬೇಡ."

ವೀಬ್ಕೆ! ಕೊಡು! ಐದು ತಿಂಗಳಲ್ಲಿ ಮೊದಲ ಸಲ... ಬಂಡೆ, ಪ್ರಪಾತ ಎಲ್ಲ ಅವಳಿಗೆ ಮರೆತೇಹೋಯಿತು.

ತಂಗುಮನೆಯಲ್ಲಿ ಅಡುಗೆಯವಳೂ "ಸೂಪ್ ತಗೋ, ಕೆನ್ನೆ ನೋಡು ಹೇಗೆ ಕೆಂಪಾಗಿದೆ" ಎಂದು ಸಲುಗೆಯಿಂದಲೇ ಬಡಿಸಿದಳು. ವೀಬ್ಕೆ ಅದನ್ನು ಗಮನಿಸಲೂ ಇಲ್ಲ. ಅವಳ ಕಿವಿಯಲ್ಲಿ ಒಂದೇ ದನಿ. ನೀನು ಚಳಿ ತಡೀತೀಯಾ? ನೀನು ನನ್ನ ಜಾಕೆಟ್ ಹಾಕ್ಕೋ. ನೀನು ನಕ್ರೆ...

ನಕ್ಕರೆ ಏನು ಎಂಬುದನ್ನು ಅವನು ಹೇಳಲಿಲ್ಲ. ಸೂಪ್ ಕಡೆಗೆ ತಿರುಗಿದ.

ಸಂಜೆ ಸರೋವರದ ದಡಕ್ಕೆ ಇಳಿದಾಗ ಕಾಸ್ಪರ್ ಟೋಪಿ ತೆಗೆದು ತಲೆಬಾಗಿಸಿದ. "ಚೆನ್ನಾಗಿ ನಡೆದ್ರಿ ಪೀಟರ್ಸನ್ ಅವರೇ. ನೀವು ಬಿಸಿನೀರಲ್ಲಿ ಕಾಲಿಟ್ಕೊಂಡು ಮಲಗಿ. ಬರ್ತೀನಿ."

ಪೀಟರ್ಸನ್ ಅವರೇ...!

ಯಾರೋ ಬಾಗಿಲು ಹಾಕಿಕೊಂಡಂತಾಯಿತು. ಮೇಲೆ ಯಾರೂ ನೋಡದಾಗ ವೀಬ್ಕೆ. ಊರಿನವರ ಕಣ್ಣಿಗೆ ಬಿದ್ದ ಕೂಡಲೇ ಪೀಟರ್ಸನ್ ಅವರೇ! ನನ್ನ ಜೊತೆ ಕಾಣಿಸ್ಕೊಳ್ಳೋಕೆ ನಾಚಿಕೆಯಾ ಇವನಿಗೆ?

ಮಾರನೆಯ ದಿನವೇ ಬಿಸಿಗಾಳಿ ಎದ್ದಿತು. ಅದು ಬೀಸಿದಾಗಲೆಲ್ಲ ಆಗುವಂತೆ ಊರಿಗೆ ಊರೇ ತಲೆನೋವಿನಿಂದ ಹಣೆ ಹಿಡಿದುಕೊಂಡು ಓಡಾಡಿತು. ಕಿಟಕಿಗಳು ದಡದಡ ಬಡಿದುಕೊಂಡವು. ವೀಬ್ಕೆ ಪೆಟ್ಟಿಗೆಗೆ ಬಟ್ಟೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಬೆಳಿಗ್ಗೆ ಅವನು ಹಲಗೆಯ ಮುಂದೆ ಬಂದಾಗ ತಲೆಯೆತ್ತದೆ "ನಮಸ್ಕಾರ ಇಂಹೋಫ್ ಅವರೇ" ಎಂದಳು. ಕಾಫಿ ಕೊಡಲಿಲ್ಲ. ಅವನು ಹಲಗೆಯನ್ನು ಓದದೆಯೇ ಹೊರಟುಹೋದ. ಗುರುವಾರವೂ ಅಷ್ಟೇ.

ಶುಕ್ರವಾರ ನಾಲ್ಕೂವರೆ. ಬೇಡ ಎಂದು ಹೇಳಿಬಿಡಲು ಫೋನ್ ಎತ್ತಿಕೊಂಡವಳು ಅದನ್ನು ಜೇಬಿಗೆ ಹಾಕಿಕೊಂಡು ಗಾಳಿಯಲ್ಲೇ ಹೊರಬಿದ್ದಳು. ಹೋಗುವುದಾದರೆ ಕೇಳಿಯೇ ಹೋಗಬೇಕು!

ಕಾಸ್ಪರ್ ದೋಣಿಗಳನ್ನು ದಡಕ್ಕೆಳೆದು ಹಗ್ಗ ಬಿಗಿಯುತ್ತಿದ್ದ. ಕಣ್ಣಿನ ಕೆಳಗೆ ಕಪ್ಪು.

"ಅಲ್ಲಿ ಮೇಲೆ ನಾನು ವೀಬ್ಕೆ, ಇಲ್ಲಿ ಕೆಳಗೆ ಪೀಟರ್ಸನ್ನಾ?" ಗಾಳಿಗಿಂತ ಜೋರಾಗಿ ಕೂಗಿದಳು. "ಆ ಸಲುಗೆ ಬೆಟ್ಟದ ಮೇಲೇ ಬಿಟ್ಟು ಬರೋದಾಗಿದ್ರೆ ಯಾಕೆ ಕೊಟ್ರಿ?"

ಅವನ ಕೈಯಿಂದ ಹಗ್ಗ ಜಾರಿತು. "ಅಯ್ಯೋ ದೇವರೇ... ನಿಮಗೆ ಗೊತ್ತಿಲ್ವಾ?"

"ಏನು?"

"ಎರಡು ಸಾವಿರ ಮೀಟರ್ ಎತ್ತರ ದಾಟಿದ್ಮೇಲೆ ಮಂತ್ರಿಗೂ ನೀನು ಅಂತೀವಿ, ಕುರಿ ಕಾಯೋನಿಗೂ ನೀನು ಅಂತೀವಿ. ಅದು ಬೆಟ್ಟದ ಲೆಕ್ಕ. ಕೆಳಗಿಳಿದ್ಮೇಲೆ ಗಂಡಸು ತಾನಾಗಿ ಮುಂದುವರಿಸಿದ್ರೆ ಮರ್ಯಾದೆಗೆಟ್ಟೋನು. ಹೆಣ್ಣೇ ತನ್ನ ಹೆಸರು ಹೇಳಿ ಆ ಸಲುಗೆ ಕೊಡಬೇಕು."

"ಅಂದ್ರೆ..."

"ಅಂದ್ರೆ ಮೂರು ದಿನದಿಂದ ಕಾಯ್ತಿದ್ದೀನಿ! ಬುಧವಾರ ಬೆಳಿಗ್ಗೆ ಹೇಳ್ತೀರ ಅಂದ್ಕೊಂಡು ಬಂದೆ. ನೀವು 'ಇಂಹೋಫ್ ಅವರೇ' ಅಂದ್ರಿ. ಆಯ್ತು, ಇವಳಿಗೆ ನಾನು ಬೇಡ ಅಂದ್ಕೊಂಡೆ. ನಿದ್ದೆ ಇಲ್ಲ, ಊಟ ಇಲ್ಲ."

"ಅದು ಬಿಸಿಗಾಳಿಗೆ."

"ಬಿಸಿಗಾಳಿ ನಾನು ಹುಟ್ಟಿದಾಗಿನಿಂದ ಬೀಸ್ತಿದೆ. ಹೀಗೆ ಯಾವತ್ತೂ ಆಗಿರಲಿಲ್ಲ."

ವೀಬ್ಕೆಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. "ನಾನು ವೀಬ್ಕೆ" ಎಂದಳು, ಈಗಷ್ಟೇ ಪರಿಚಯವಾದವಳಂತೆ.

"ತಡಿ... ತಡೀರಿ! ನೀನು ಅನ್ನೋಕೆ ಮೊದಲು ಇಬ್ರೂ ಒಟ್ಟಿಗೆ ಏನಾದ್ರೂ ಕುಡೀಬೇಕು, ಅದಿಲ್ಲದೆ ನಡೆಯಲ್ಲ." ಅವನು ದೋಣಿಯೊಳಗೆ ತಡಕಾಡಿ ಫ್ಲಾಸ್ಕ್ ತೆಗೆದ. ತಣ್ಣಗಾದ ಕಾಫಿ. ಒಂದೇ ಮುಚ್ಚಳ. ಅವಳು ಅರ್ಧ ಕುಡಿದು ಕೊಟ್ಟಳು. ಅವನು ಉಳಿದದ್ದನ್ನು ಕುಡಿದ.

"ನಾನು ಕಾಸ್ಪರ್" ಎಂದ. "ನೀನಂದ್ರೆ ನನಗೆ ಪ್ರಾಣ. ಇದನ್ನ ಬೆಟ್ಟದ ಮೇಲೆ ಹೇಳಿದ್ದಿದ್ರೆ ಲೆಕ್ಕಕ್ಕೆ ಬರ್ತಿರಲಿಲ್ಲ."

ಅವಳು ಅವನ ಒದ್ದೆ ಅಂಗಿಯನ್ನು ಹಿಡಿದೆಳೆದು ಮುತ್ತಿಟ್ಟಳು. ಕೈಬಿಟ್ಟ ದೋಣಿ ಗಾಳಿಗೆ ತಿರುಗಿ ಅವನ ಮೊಣಕಾಲಿಗೆ ಬಡಿಯಿತು. ಅವನಿಗೆ ತಿಳಿಯಲೇ ಇಲ್ಲ.

ಐದಕ್ಕೆ ಎರಡು ನಿಮಿಷವಿತ್ತು. ವೀಬ್ಕೆ ಅವನ ಎದೆಗೊರಗಿಯೇ ಫೋನ್ ಮಾಡಿದಳು. "ಹಲೋ... ಇರ್ತೀನಿ! ಹೌದು, ಚಳಿಗಾಲಕ್ಕೂ... ಗಾಳಿ ಮೇಡಂ, ಗಾಳಿ! ಇರ್ತೀನಿ ಅಂದೆ!"

ಫೋನ್ ಇಟ್ಟು ತಲೆಯೆತ್ತಿದಳು. "ಪ್ರವಾಸಿಗರೆಲ್ಲ ಹೋದ್ಮೇಲೆ ನೀನೇನು ಮಾಡ್ತೀಯ?"

"ದೋಣಿಗಳನ್ನ ಮಗುಚಿ ಹಾಕಿ ಬಣ್ಣ ಬಳೀತೀನಿ. ಹದಿನಾಲ್ಕಿವೆ. ವಸಂತದ ತನಕ ಅದೇ ಕೆಲಸ."

"ಬ್ರಷ್ ಎಷ್ಟಿದೆ?"

"ಒಂದೇ." ಅವನು ಅವಳ ಹಾರುವ ಕೂದಲನ್ನು ಕಿವಿಯ ಹಿಂದೆ ಸರಿಸಿದ. "ನಾಳೆ ಇನ್ನೊಂದು ತರ್ತೀನಿ."