ಪುಟ್ಟ ಊರಿಗೆ ತಂತಿ ಎಳೆದವರು

ಅವಳು ಬಂದದ್ದು ಮೀಟರ್ ಬದಲಾಯಿಸಲು. ಮಹಡಿಯ ಕೋಣೆಯಲ್ಲಿ ಪ್ಲಗ್ ಪರೀಕ್ಷಿಸಬೇಕೆಂದು ಬಾಗಿಲು ತೆರೆದವಳು ಮೊದಲು ಉಸಿರು ಹಿಡಿದು ನಿಂತಳು. ಆಮೇಲೆ ಕಿಸಕ್ಕನೆ ನಕ್ಕುಬಿಟ್ಟಳು.

ಕೋಣೆಯ ತುಂಬ ಒಂದು ಊರೇ ಇತ್ತು. ಸೊಂಟದೆತ್ತರದ ಹಲಗೆಯ ಮೇಲೆ ಗುಡ್ಡ, ಸೇತುವೆ, ಸಾಸಿವೆಯಷ್ಟಗಲದ ಕಿಟಕಿಗಳ ಮನೆಗಳು. ಬೆರಳುದ್ದದ ರೈಲು ಸುರಂಗದಿಂದ ಹೊರಬಂದು, ಸ್ಟೇಷನ್ನಿನಲ್ಲಿ ಒಂದು ಕ್ಷಣ ನಿಂತು, ಮತ್ತೆ ಹೊರಟಿತು. ಹಳಿಯ ಪಕ್ಕದಲ್ಲಿ ಸಾಲಾಗಿ ವಿದ್ಯುತ್ ಕಂಬಗಳು. ನಗು ಬಂದದ್ದು ಅವನ್ನು ಕಂಡೇ.

"ಏನಾಯ್ತು?" ಬೆನ್ನ ಹಿಂದೆ ಗಂಡಸಿನ ದನಿ.

"ಏನಿಲ್ಲ... ಈ ತಂತಿ. ಬಟ್ಟೆ ಒಣಹಾಕೋ ಹಗ್ಗಾನೂ ಯಾರೂ ಇಷ್ಟು ಬಿಗಿಯಾಗಿ ಕಟ್ಟಲ್ಲ. ಒಂದು ಚಳಿ ಬಿದ್ರೆ ಸಾಕು, ಟಪ್ ಅನ್ನುತ್ತೆ. ಆ ಮೂಲೆ ಕಂಬ ನೋಡಿ, ಆಗ್ಲೇ ಕುಡಿದವನ ಹಾಗೆ ವಾಲಿದೆ."

ಅವನ ಕಿವಿ ಕೆಂಪಾಯಿತು. "ಇದು ಆಟದ ಊರು."

"ಆಟದ್ದಾದ್ರೂ ಜನ ಇದಾರಲ್ಲ!" ತಂತಿಯ ಕೆಳಗೆ ಚೀಲ ಹಿಡಿದು ನಿಂತಿದ್ದ ಕಾಳಿನಷ್ಟಿದ್ದ ಗೊಂಬೆ ಹೆಂಗಸನ್ನು ತೋರಿಸಿದಳು.

ಅವನು ಆ ಗೊಂಬೆಯತ್ತ ಒಮ್ಮೆ ನೋಡಿದ. ಕಾಗದಕ್ಕೆ ಸಹಿ ಹಾಕಿ, ಗೇಟಿನವರೆಗೂ ಬಂದು ಕಳಿಸಿಕೊಟ್ಟ. ದಾರಿಯುದ್ದಕ್ಕೂ ಅವಳು ತನ್ನನ್ನು ತಾನೇ ಬೈದುಕೊಂಡಳು. ಬಾಯಿಗೆ ಬೀಗವಿಲ್ಲದವಳು ಎಂದು ಅಕ್ಕ ಹೇಳುತ್ತಿದ್ದುದು ಸುಳ್ಳಲ್ಲ.

ನಾಲ್ಕು ದಿನ ಕಳೆದ ಮೇಲೆ ಕರೆಂಟ್ ಆಫೀಸಿನ ದೂರು ಪುಸ್ತಕದಲ್ಲಿ ಒಂದು ದೂರು ಬಂತು. ಅಕ್ಷರ ಮುತ್ತು ಪೋಣಿಸಿದಂತಿತ್ತು: 'ಮಹಡಿಯ ಮೇಲಿನ ಊರಿನಲ್ಲಿ ಕಂಬ ವಾಲಿದೆ. ನಕ್ಕವರೇ ಬಂದು ಸರಿಮಾಡಿಕೊಡಬೇಕಾಗಿ ವಿನಂತಿ.'

"ಯಾರೇ ಇದು, ಗುಬ್ಬಿ?" ಎಂದು ಜೊತೆಯವರು ರೇಗಿಸಿದರು. ಹದಿನಾರು ವರ್ಷದಿಂದ ತಂತಿಯ ಮೇಲೇ ಕೂತವಳಿಗೆ ಅವರಿಟ್ಟ ಹೆಸರು ಅದು. ಗುಬ್ಬಿ ಪುಸ್ತಕ ಮುಚ್ಚಿಟ್ಟು, ಯಾರೂ ನೋಡದಾಗ ಮತ್ತೊಮ್ಮೆ ತೆರೆದು ಓದಿದಳು.

ಭಾನುವಾರ ಬಾಗಿಲು ತೆರೆದದ್ದು ಅವನ ಅಮ್ಮ. "ನೀನೇನಾ ನಕ್ಕೋಳು? ಬಾ, ಬಾ. ನನ್ನ ಮಗ ಊರಿಗೆಲ್ಲ ಹಲ್ಲು ಮಾಡಿಕೊಡ್ತಾನೆ, ತಾನು ಮಾತ್ರ ಒಂದಿನ ಹಲ್ಲು ಬಿಡಲ್ಲ. ನೀನು ನಕ್ಕು ಹೋದ್ಮೇಲೆ ಎರಡು ದಿನ ಅದೇ ಮಾತು."

"ಅಮ್ಮಾ!" ಒಳಗಿನಿಂದ ಕೂಗು ಬಂತು.

ಅವನ ಕೆಲಸ ಕಟ್ಟು ಹಲ್ಲು ಮಾಡುವುದು. ಕೆಳಗಿನ ಕೋಣೆಯಲ್ಲಿ ಮೇಣ, ಅಚ್ಚು, ಸಣ್ಣ ಸಣ್ಣ ಉಳಿಗಳು. ಬೀದಿಯವರಿಗೆಲ್ಲ ಅವನು ಹಲ್ಲುಮೇಷ್ಟ್ರು. ಕಂಬಗಳು ಬಿದಿರಿನ ಕಡ್ಡಿಯವು, ಅಡ್ಡಪಟ್ಟಿಗಳು ಬೆಂಕಿಕಡ್ಡಿಯವು, ತಂತಿಯೆಂದು ಬಿಗಿದದ್ದು ಮೀನಿನ ಗಾಳದ ದಾರ.

"ಈ ದಾರ ಜೋಲಲ್ಲ," ಎಂದಳು. ಸುಟ್ಟ ಫ್ಯಾನ್ ಮೋಟಾರಿನಿಂದ ಬಿಚ್ಚಿ ತಂದಿದ್ದ ಕೂದಲೆಳೆಯಂಥ ತಾಮ್ರದ ತಂತಿಯನ್ನು ಮೇಜಿನ ಮೇಲಿಟ್ಟಳು. "ಇರ್ಲಿ, ಮೊದಲು ಹೇಳಿ, ನಿಮ್ಮ ಊರಲ್ಲಿ ಈಗ ಯಾವ ಕಾಲ?"

"ಅಂದ್ರೆ?"

"ಬಿಸಿಲಿಗೆ ತಂತಿ ಹಿಗ್ಗಿ ಜೋಲುತ್ತೆ, ಚಳಿಗೆ ಕುಗ್ಗಿ ಬಿಗಿಯಾಗುತ್ತೆ. ಕಾಲ ಗೊತ್ತಿಲ್ದೆ ಎಷ್ಟು ಜೋಲು ಬಿಡೋದು?"

ಅವನು ಕೈಯಲ್ಲಿದ್ದ ಚಿಮಟ ಕೆಳಗಿಟ್ಟ. ಹನ್ನೊಂದು ವರ್ಷ ಕಟ್ಟಿದ ಊರು. ಸ್ಟೇಷನ್ನಿನ ಗಡಿಯಾರಕ್ಕೆ ಮುಳ್ಳು ಕೂಡಿಸಿದ್ದ, ಬಾವಿಗೆ ಹಗ್ಗ ಇಳಿಬಿಟ್ಟಿದ್ದ. ಅಲ್ಲಿ ಯಾವ ಕಾಲವೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವಳನ್ನು ಅವನು ಆಗ ನೋಡಿದ ನೋಟವೇ ಬೇರೆ. ಕಣ್ಣು ಅಗಲವಾಗಿ, ತುಟಿ ತುಸು ತೆರೆದು, ಮೊದಲ ಸಲ ಸಮುದ್ರ ನೋಡಿದವರು ನಿಲ್ಲುವ ಹಾಗೆ ನಿಂತಿದ್ದ.

"ಆಕಾಶ ನೋಡ್ದೆ, ಬರೀ ತಂತಿ ನೋಡಿ ಕಾಲ ಹೇಳ್ತೀರಾ?"

"ಅದರಲ್ಲೇನಿದೆ?" ಎಂದಳು. ಆದರೆ ಅದರಲ್ಲಿ ಏನೋ ಇದೆಯೆಂದು ಅವಳಿಗೂ ಅನ್ನಿಸಿದ್ದು ಆ ಕ್ಷಣದಲ್ಲೇ.

"ಬೇಸಿಗೆ ಇರ್ಲಿ," ಎಂದ ಮೆಲ್ಲಗೆ. "ಸಂಜೆ, ದೀಪ ಹಾಕೋ ಹೊತ್ತು."

ಹಾಗೆ ಶುರುವಾಯಿತು. ಹಲ್ಲಿನ ಮೇಣದಲ್ಲಿ ಅವನು ಜೋಲಿನ ಅಚ್ಚು ತೆಗೆದ; ಅದರ ಮೇಲೆ ತಂತಿ ಒತ್ತಿ ಅವಳು ಬಾಗು ಕೊಟ್ಟಳು. ಒಬ್ಬರು ಕಂಬ ಹಿಡಿಯಬೇಕು, ಇನ್ನೊಬ್ಬರು ಅಡ್ಡಪಟ್ಟಿಯ ಮೇಲಿನ ಎಳ್ಳಿನಷ್ಟು ಮಣಿಗೆ ತಂತಿ ಸುತ್ತಬೇಕು. ಆ ಕೆಲಸಕ್ಕೆ ಇಬ್ಬರೂ ಉಸಿರು ಬಿಗಿಹಿಡಿಯಬೇಕಿತ್ತು, ಒಮ್ಮೊಮ್ಮೆ ಹಿಡಿದದ್ದನ್ನು ಬಿಡುವುದೇ ಮರೆತುಹೋಗುತ್ತಿತ್ತು. ಎರಡನೆಯ ಭಾನುವಾರ ಬಂದಾಗ ಚಿಮಟದ ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಅವಳ ಅಂಗೈಯ ಬೊಬ್ಬೆಯನ್ನು ಅವನು ಯಾವಾಗ ನೋಡಿದನೋ! ಸುತ್ತಿಟ್ಟಿದ್ದ, ಅಷ್ಟೆ.

"ಕೈ ನಡುಗ್ತಿದೆ ಮೇಷ್ಟ್ರೇ."

"ನಿಮ್ಮ ಜಡೆ ತಾಗ್ತಿದೆ."

"ಜಡೆ ತಾಗಿದ್ರೆ ಕೈ ಯಾಕೆ ನಡುಗ್ಬೇಕು?"

ಅವನು ಕಂಬಕ್ಕೆ ಉತ್ತರ ಕೊಡುವವನಂತೆ ಕಂಬವನ್ನೇ ನೋಡುತ್ತಿದ್ದ.

ಇಷ್ಟಾದರೂ ಗುಬ್ಬಿ ಮನಸ್ಸನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಅಕ್ಕ ತಂದಿದ್ದ ಎರಡು ಸಂಬಂಧಗಳೂ ಒಂದೇ ಮಾತಿಗೆ ಮುರಿದಿದ್ದವು: ಹುಡುಗಿ ಕಂಬ ಹತ್ತುವುದು ಬಿಡಬೇಕು, ಆಫೀಸಿನೊಳಗೆ ಕುರ್ಚಿ ಕೇಳಿಕೊಳ್ಳಬೇಕು. ಅವಳಿಗೆ ಆ ಎತ್ತರವೇ ಬದುಕು. ಗಾಳಿ ಕೆನ್ನೆಗೆ ಬಡಿಯುವಾಗ, ಕೈಯಾರೆ ಕೂಡಿಸಿದ ತಂತಿಯಿಂದ ಇಡೀ ಬೀದಿ ಬೆಳಗುವಾಗ, ಅವಳಿಗೆ ತಾನು ಪೂರ್ತಿ ತಾನೆನಿಸುತ್ತಿತ್ತು. ಇವನೂ 'ಇಳಿ' ಎಂದುಬಿಟ್ಟರೆ? ಬೇರೆಯವರು ಅಂದಾಗ ಸಿಟ್ಟು ಬಂದಿತ್ತು. ಇವನು ಅಂದರೆ ತಡೆದುಕೊಳ್ಳುವುದು ಹೇಗೆ?

ಆ ಭಯಕ್ಕೆ ತಕ್ಕಂತೆ ಒಂದು ದಿನ, ಅವಳು ಮಾರ್ಕೆಟ್ ರಸ್ತೆಯ ಕಂಬದ ತುದಿಯಲ್ಲಿದ್ದಾಗ, ಹಲ್ಲಿನ ಡಬ್ಬಿ ಹಿಡಿದು ಅವನು ಕೆಳಗೆ ಹಾದುಹೋದ. ತಲೆಯೆತ್ತಿ ನೋಡಿದ. ಮುಖ ಬಿಳಿಚಿಕೊಂಡಿತು. ಡಬ್ಬಿ ಎದೆಗವಚಿ ಫುಟ್‌ಪಾತಿನ ಮೇಲೆ ಕುಸಿದು ಕೂತ. ಅವಳು ಇಳಿಯುವಷ್ಟರಲ್ಲಿ ಎದ್ದು ಹೋಗಿದ್ದ. ಆಮೇಲೆ ಅದರ ಸುದ್ದಿಯನ್ನೇ ಎತ್ತಲಿಲ್ಲ.

ಕೆಲವು ವಾರಗಳ ಮೇಲೆ ಲೈಬ್ರರಿ ಹಾಲಿನಲ್ಲಿ ಪುಟ್ಟ ರೈಲುಗಳ ಪ್ರದರ್ಶನ, ಬಹುಮಾನವೂ ಇತ್ತು; ಅವನು ತನ್ನ ಊರನ್ನು ಬಿಡಿಬಿಡಿಯಾಗಿ ತಂದು ಅಲ್ಲಿ ಜೋಡಿಸಿದ್ದ. ಗುಬ್ಬಿ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ಪರದೆ ಎಳೆದ ಹಾಲು ಮಬ್ಬಾಗಿತ್ತು. ಅವನ ಮೇಜಿನ ಸುತ್ತ ಜನ ಕತ್ತು ಚಾಚಿ ನಿಂತಿದ್ದರು.

ಅರವತ್ತು ಮನೆ, ಅರವತ್ತು ಕಿಟಕಿ, ಎಲ್ಲದರಲ್ಲೂ ದೀಪ. ಆ ಬೆಳಕು ತಾಮ್ರದ ಎಳೆಗಳಿಗೆ ತಾಗಿ, ಕಂಬದಿಂದ ಕಂಬಕ್ಕೆ ಇಳಿದು ಏರಿ, ಗುಡ್ಡದ ಬೆನ್ನು ಹತ್ತಿ ಮರೆಯಾಗುತ್ತಿತ್ತು. ಎತ್ತರದಿಂದ ಊರು ನೋಡುವುದು ಅವಳಿಗೆ ದಿನದ ಕೆಲಸ. ಆದರೂ ಮೇಜಿನಂಚು ಹಿಡಿದು ಬಗ್ಗಿ ನೋಡಿದಳು. ತಾನು ಇಷ್ಟು ವರ್ಷ ಮಾಡಿದ್ದು ಇದನ್ನೇ ಏನು? ಇಷ್ಟು ಚೆಂದದ್ದನ್ನೇ?

ಆಗ ಮೂಲೆಯ ಕಂಬದ ಬುಡದಲ್ಲಿ ಹೊಸ ಗೊಂಬೆ ಕಂಡಿತು. ನೀಲಿ ಅಂಗಿ, ಹಳದಿ ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್, ಬೆನ್ನ ಮೇಲೆ ದಾರದೆಳೆಯ ಜಡೆ. ಕಟ್ಟು ಹಲ್ಲಿನ ಬಿಳಿ ಚೂರಿನಿಂದ ಕಡೆದ, ಅಕ್ಕಿಕಾಳಿಗಿಂತ ತುಸುವೇ ದೊಡ್ಡವಳಾದ ಅವಳೇ. ನೆಲದ ಮೇಲೆ ನಿಂತಿದ್ದಳು.

ಬಗ್ಗಿದ್ದವಳು ನೆಟ್ಟಗಾದಳು. "ಚೆನ್ನಾಗಿದೆ," ಎಂದು ಬಾಗಿಲಿನತ್ತ ತಿರುಗಿದಳು.

"ಎಲ್ಲಿಗೆ?" ಅವನು ಜನರನ್ನು ದಾಟಿ ಓಡಿಬಂದ.

"ನೀವೂ ನನ್ನ ಕೆಳಗಿಳಿಸಿಬಿಟ್ರಲ್ಲ. ರಸ್ತೇಲಿ ನನ್ನ ನೋಡಿ ಕುಸಿದು ಕೂತ್ರಲ್ಲ, ಅವತ್ತೇ ಅರ್ಥ ಆಗ್ಬೇಕಿತ್ತು."

"ಭಯ ಆಯ್ತು, ಸುಳ್ಳು ಹೇಳಲ್ಲ. ಆದ್ರೆ ಕೂತಿದ್ದು ಭಯಕ್ಕೊಂದೇ ಅಲ್ಲ." ಅವನು ಮಾತಿಗೆ ತಡಕಾಡಿದ. "ಯಾರಾದ್ರೂ ಅಷ್ಟು ಚೆನ್ನಾಗಿ ಕೆಲಸ ಮಾಡೋದನ್ನ ನಾನು ನೋಡೇ ಇರ್ಲಿಲ್ಲ. ಕಾಲಲ್ಲಿ ಶಕ್ತಿ ಇರ್ಲಿಲ್ಲ ನಿಲ್ಲೋಕೆ."

"ಮತ್ತೆ ಅವಳ್ಯಾಕೆ ನೆಲದ ಮೇಲೆ?"

ಇದೆಂಥ ಪ್ರಶ್ನೆ ಎಂಬಂತೆ ಅವನು ಅವಳನ್ನು ನೋಡಿದ. "ದೀಪ ಉರೀತಿದೆಯಲ್ರೀ! ಲೈನಲ್ಲಿ ಕರೆಂಟ್ ಇರೋವಾಗ ನಿಮ್ಮನ್ನ ಹೇಗೆ ಮೇಲೆ ಹತ್ತಿಸ್ಲಿ? ಮೂರು ಸಲ ಇಟ್ಟೆ, ಮೂರು ಸಲಾನೂ ಎದೆ ಹೊಡ್ಕೊಂಡು ಇಳಿಸ್ದೆ."

ಗುಬ್ಬಿ ಮತ್ತೆ ಮೇಜಿನತ್ತ ನೋಡಿದಳು. ಆ ತಾಮ್ರದೆಳೆಗಳಲ್ಲಿ ಕರೆಂಟ್ ಹರಿಯುವುದೇ ಇಲ್ಲ. ದೀಪದ ವೈರೆಲ್ಲ ಹಲಗೆಯ ಅಡಿಯಲ್ಲಿದೆ. ಎಳೆದವರು ತಾವಿಬ್ಬರೇ, ಇಬ್ಬರಿಗೂ ಗೊತ್ತು. ಗೊತ್ತಿದ್ದೂ ಈ ಮನುಷ್ಯ ಅಕ್ಕಿಕಾಳಿನ ಜೀವಕ್ಕೆ ಹೆದರಿ ಕೂತಿದ್ದಾನೆ.

ಅಷ್ಟರಲ್ಲಿ ತೀರ್ಪುಗಾರರು ಅವನ ಮೇಜಿನತ್ತ ಬಂದರು. ಮೇಜಿನ ಬಳಿ ನಿಂತಿದ್ದ ಅವನ ಅಮ್ಮ ಆತುರದಿಂದ ಕೈಸನ್ನೆ ಮಾಡಿದಳು. ಅವನು ಓಡಿಹೋಗಿ ಮೇಜಿನಡಿ ಬಗ್ಗಿದ. ಸ್ವಿಚ್ ಟಿಕ್ ಎಂದಿತು. ಅರವತ್ತು ಕಿಟಕಿಗಳೂ ಒಟ್ಟಿಗೆ ಆರಿದವು.

"ಅಯ್ಯೋ!" ಎಂದರು ಜನ.

ಮಬ್ಬಿನಲ್ಲೇ ಅವನು ಚಿಮಟದಿಂದ ಗೊಂಬೆಯನ್ನೆತ್ತಿ, ಉಸಿರು ಹಿಡಿದು, ಕಂಬದ ತುದಿಗೆ ಕೂಡಿಸಿ ಬೆಲ್ಟ್ ಸಿಕ್ಕಿಸಿದ. ಈ ಸಲ ಅವನ ಕೈ ನಡುಗಲಿಲ್ಲ.

"ಏನ್ರೀ, ಕೆಟ್ಟುಹೋಯ್ತಾ?" ಹಿರಿಯ ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡರು. "ನಿಮ್ಮ ದೀಪ ನೋಡೋಕೇ ಬಂದದ್ದು ನಾವು."

"ಕೆಟ್ಟಿಲ್ಲ ಸಾರ್. ಲೈನ್ ಮೇಲೆ ನಮ್ಮ ಮನೆಯವರಿದಾರೆ." ಅವನ ದನಿ ಇಡೀ ಹಾಲಿಗೆ ಕೇಳಿಸಿತು. "ಅವರು ಇಳಿಯೋವರೆಗೂ ಕರೆಂಟ್ ಕೊಡೋಕಾಗಲ್ಲ."

"ಅಲ್ರೀ, ಬಹುಮಾನದ ಪಟ್ಟಿ ಈಗಲೇ ಬರೀಬೇಕು. ಯಾವಾಗ ಇಳೀತಾರೆ?"

ಅವನು ತಲೆಯೆತ್ತಿ, ಜನರ ಆಚೆ ನಿಂತಿದ್ದ ಗುಬ್ಬಿಯನ್ನು ನೋಡಿದ. "ಅವರ ಕೆಲಸ ಮುಗಿದಾಗ."

ಜನ ತಾವಾಗಿಯೇ ದಾರಿ ಬಿಟ್ಟರು. ಗುಬ್ಬಿ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಮೇಜಿನ ಆ ಬದಿಗೆ, ಅವನ ಪಕ್ಕಕ್ಕೆ ಹೋಗಿ ನಿಂತಳು. ಕಣ್ಣು ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಗೋಡೆಗೊರಗಿಸಿದ್ದ ಕುರ್ಚಿಯೊಂದನ್ನು ಎಳೆದು ತೀರ್ಪುಗಾರರ ಕಡೆ ಸರಿಸಿದಳು.

"ಕೂತ್ಕೊಳಿ ಸಾರ್," ಎಂದಳು. "ಸ್ವಲ್ಪ ಹೊತ್ತು ಹಿಡಿಯುತ್ತೆ."